ದೇರಣ್ಣ ಹಿಡಿದ ಕಾಲು

ಮರ್ಕಂಜದ ದೇರಣ್ಣನ ಕೈಗೆ ಸಿಕ್ಕಿದ ಕಾಲು ಬಿಡಿಸಿಕೊಂಡು ಹೋದದ್ದನ್ನು ಕಂಡವರು ಸುಳ್ಯದ ಕಡೆ ಬಹಳ ಜನ ಇಲ್ಲ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಎಬ್ಬಿಸಿ, ಲಾರಿಗೆ ಎತ್ತಿ ಎತ್ತಿ ಗಟ್ಟಿಯಾದ ಕೈ ಅದು. ಕಬಡ್ಡಿಯಲ್ಲಿ ಅವನ ಜಾಗ ಎಡಮೂಲೆ. ದಾಳಿಗೆ ಬಂದವನು ಯಾರನ್ನಾದರೂ ಮುಟ್ಟಿ ಹಿಂದಕ್ಕೆ ತಿರುಗುವ ಗಳಿಗೆಗಾಗಿ ಅವನು ಬೆಕ್ಕಿನ ಹಾಗೆ ಬಗ್ಗಿ ಕಾಯುತ್ತಿದ್ದ. ತಿರುಗಿದ ಕೂಡಲೇ ಹಾರಿ, ಕಾಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಮೈಯನ್ನೇ ಒಂದು ಸುತ್ತು ತಿರುಗಿಸಿ ಕೆಡವುತ್ತಿದ್ದ. ಬಿದ್ದವನು ಬಿದ್ದಲ್ಲೇ ಇರುತ್ತಿದ್ದ. ದೇರಣ್ಣ ಮಾತ್ರ ಮಲಗಿದಲ್ಲಿಂದಲೇ ಒಂದು ಕೈ ಮೇಲೆತ್ತಿ, ಅಂಕ ನಮ್ಮದು ಎಂಬಂತೆ ಅಂಪಾಯರನ ಕಡೆ ನೋಡಿ ನಗುತ್ತಿದ್ದ. ಆ ಎತ್ತಿದ ಕೈ ನಿಮ್ಮ ನೆನಪಿನಲ್ಲಿರಲಿ. ಮುಂದೆ ಆದ ಅನಾಹುತಕ್ಕೆ ಹಿಡಿದ ಕೈಗಿಂತ ಎತ್ತಿದ ಕೈಯೇ ಹೆಚ್ಚು ಕಾರಣ.

ಅಂಗಳದ ಹೊರಗೆ ಅವನಷ್ಟು ಪಾಪದ, ಸಾಧು ಮನುಷ್ಯ ಇನ್ನೊಬ್ಬನಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು; ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಜಾತಿ. ಹೆಂಡತಿ ಸೇವಂತಿ ಹೆಂಗಸರ ಹಗ್ಗಜಗ್ಗಾಟದಲ್ಲಿ ಎಲ್ಲರಿಗಿಂತ ಹಿಂದೆ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವಳು. ಮನೆಯಲ್ಲಿಯೂ ಹಗ್ಗದ ಆ ತುದಿ ಅವಳ ಹತ್ತಿರವೇ ಇತ್ತು. ಗಂಡ ಹೆಂಡತಿ ಇಬ್ಬರೂ ಆಡುತ್ತಿದ್ದದ್ದು ಒಂದೇ ಕ್ಲಬ್ಬಿಗೆ, ಅರಂತೋಡಿನ ಬಾನ್ಯಾಸ್ ಸ್ಪೋರ್ಟ್ಸ್ ಕ್ಲಬ್ಬಿಗೆ.

ಈ ಹೆಸರನ್ನು ತಂದವನು ಆದಂ ಕುಂಞಿ. ಗಲ್ಫಿನ ಫುಜೈರದ ಜಲ್ಲಿ ಕ್ರಷರಿನಲ್ಲಿ ಬಹಳ ವರ್ಷ ದುಡಿದು, ಊರಿಗೆ ಬಂದು, ಅರಂತೋಡಿನ ಮುಖ್ಯರಸ್ತೆಯಲ್ಲಿ ಟಯರಿನ ಅಂಗಡಿ ಹಾಕಿದ ಬ್ಯಾರಿ ಮುಸಲ್ಮಾನ. ಕ್ರಷರಿನಲ್ಲಿ ಅವನ ಜೊತೆಗೆ ಕ್ರೇನ್ ನಡೆಸುತ್ತಿದ್ದ ಲಾಯೋಷ್ ಎಂಬ ಹಂಗೇರಿಯವನೊಬ್ಬನಿದ್ದ. ಮರಳುಗಾಡಿನಲ್ಲಿ ಊರ ನೆನಪಿಗೆ ಕೂತು ಮಾತಾಡುವವರಿಗೆ ಭಾಷೆ ಅಡ್ಡ ಬರುವುದಿಲ್ಲ. ಲಾಯೋಷನಿಗೆ ಹೇಳಲಿಕ್ಕೆ ಇದ್ದದ್ದು ಒಂದೇ ಕಥೆ, ಅವನ ಊರಿನ ಕ್ಲಬ್ಬಿನದ್ದು. ಆದಂ ಕುಂಞಿ ಅದನ್ನು ಹೊತ್ತು ತಂದು, ಅಂಗಡಿಯ ಮಾಳಿಗೆಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳಿದ. ದೇರಣ್ಣನಿಗೆ ಅದು ಬಾಯಿಪಾಠವಾಗಿತ್ತು.

ಕಥೆ ಇಷ್ಟು. ಕಲ್ಲಿದ್ದಲಿನ ಗಣಿಯ ಒಂದು ಸಣ್ಣ ಊರು. ನೂರು ವರ್ಷಕ್ಕೂ ಹಿಂದೆ ಗಣಿಯಾಳುಗಳು ಸೇರಿ ಮೊದಲು ಕಟ್ಟಿದ್ದು ಕುಸ್ತಿಯ ಅಖಾಡ. ಆಮೇಲೆ ಭಾರ ಎತ್ತುವವರು ಬಂದರು, ಓಟದವರು ಬಂದರು, ಎಲ್ಲರಿಗಿಂತ ಕೊನೆಗೆ ಫುಟ್ಬಾಲು. ಗಣಿಯಿಂದ ತೆಗೆದು ಎಸೆದ ಕರಿಮಣ್ಣನ್ನು ತಟ್ಟಿ ಮಾಡಿದ ಮೈದಾನ; ಬಿದ್ದರೆ ಮೊಣಕಾಲಿನ ಚರ್ಮದೊಳಗೆ ಕಲ್ಲಿದ್ದಲು ಹೊಕ್ಕು ಸಾಯುವ ತನಕ ನೀಲಿಯಾಗಿ ಉಳಿಯುತ್ತಿತ್ತು. ಎರಡು ಯುದ್ಧದಲ್ಲಿ ಎರಡು ಸಲ ತಂಡದ ಅರ್ಧ ಜನ ಸತ್ತರು. ಸರಕಾರ ಬದಲಾದಾಗೆಲ್ಲ ಬಂದವರು ಕ್ಲಬ್ಬಿಗೆ ಹೊಸ ಹೆಸರಿಟ್ಟರು. ಊರವರು ಮಾತ್ರ ಬಾನ್ಯಾಸ್ ಎಂದೇ ಕರೆದರು. ಹಾಗೆಂದರೆ ಗಣಿಯವನು ಎಂದು ಅರ್ಥ. ಫುಟ್ಬಾಲ್ ತಂಡ ಒಂದು ಸಲ ದೇಶದ ಮೇಲಿನ ದರ್ಜೆಗೆ ಏರಿತು. ಪಕ್ಕದ ಊರಿನ ಮೇಲಿನ ಪಂದ್ಯವೆಂದರೆ ಅಲ್ಲಿ ಆಸ್ಪತ್ರೆಯವರು ಮೊದಲೇ ಹಾಸಿಗೆ ಖಾಲಿ ಮಾಡಿಡುತ್ತಿದ್ದರಂತೆ. ಕೊನೆಗೆ ಗಣಿ ಮುಚ್ಚಿತು, ಫುಟ್ಬಾಲ್ ತಂಡವೂ ಮುಚ್ಚಿತು. ಕುಸ್ತಿಯವರು ಮಾತ್ರ ಅದೇ ಹಳದಿ ಕಪ್ಪು ಪಟ್ಟೆಯ ಅಂಗಿ ಹಾಕಿಕೊಂಡು ಈಗಲೂ ಅಖಾಡಕ್ಕೆ ಇಳಿಯುತ್ತಾರೆ.

ಆ ಕ್ಲಬ್ಬಿನಲ್ಲಿ ಎರಡು ನಿಯಮ ಇದ್ದವಂತೆ. ಅಂಗಿ ಒಂದೇ, ಆದ್ದರಿಂದ ಅಂಗಿ ಹಾಕಿದವನು ಯಾವ ಆಟಕ್ಕೆ ಕರೆದರೂ ಬರಬೇಕು. ಲಾಯೋಷನ ಅಜ್ಜ ಶನಿವಾರ ಕುಸ್ತಿ ಮಾಡಿ, ಊದಿದ ಕಿವಿಯಲ್ಲೇ ಭಾನುವಾರ ಗೋಲು ಕಾಯುತ್ತಿದ್ದ. ಎರಡನೆಯದು, ಕ್ಲಬ್ಬಿನ ಇಬ್ಬರಿಗೆ ಜಗಳವಾದರೆ ಪೊಲೀಸರಿಗೂ ಇಲ್ಲ, ಪಾದ್ರಿಗೂ ಇಲ್ಲ; ಅಖಾಡದಲ್ಲಿ ಎಲ್ಲರ ಎದುರು ಮೈಗೆ ಮೈ ಕೊಟ್ಟು ತೀರಿಸಿಕೊಳ್ಳಬೇಕು. ಆದಂ ಕುಂಞಿ ಎರಡನ್ನೂ ಹಾಗೆಯೇ ಅರಂತೋಡಿಗೆ ತಂದ, ಅಖಾಡದ ಬದಲು ಕಬಡ್ಡಿಯ ಅಂಗಳ ಎಂದು ಮಾಡಿದ. ಲಾಯೋಷ್ ಕೊಟ್ಟ ಹಳೆಯ ಅಂಗಿಯೊಂದನ್ನು ನೋಡಿ ಸುಳ್ಯದ ದರ್ಜಿ ಎಲ್ಲರಿಗೂ ಹೊಲಿದ. ಬ್ಯಾರಿ ಹುಡುಗರು ಹೆಚ್ಚಾಗಿ ಫುಟ್ಬಾಲು, ಅರೆಭಾಷೆ ಗೌಡರ ಹುಡುಗರು ಹೆಚ್ಚಾಗಿ ಕಬಡ್ಡಿ, ಅಂಗಿ ಮಾತ್ರ ಒಂದೇ. ಹೆಸರು ಕೇಳಿ ನಕ್ಕವರಿಗೆ ಆದಂ ಕುಂಞಿ ದೇರಣ್ಣನನ್ನು ತೋರಿಸಿ ಹೇಳುತ್ತಿದ್ದ, ನಮ್ಮಲ್ಲಿ ನಿಜವಾದ ಗಣಿಯವ ಇವನೊಬ್ಬನೇ, ಹೆಸರು ಇವನದ್ದೇ ಎಂದು. ದೇರಣ್ಣನ ಬದುಕಿನಲ್ಲಿ ಯಾರೂ ಅಂಥ ಗೌರವ ಕೊಟ್ಟಿರಲಿಲ್ಲ. ಆ ಅಂಗಿ ಎಂದರೆ ಅವನಿಗೆ ಪ್ರಾಣ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಸುಳ್ಯದ ಹತ್ತಿರ ಏಳು ಜನರ ಫುಟ್ಬಾಲ್ ಪಂದ್ಯಾಟ. ಬಾನ್ಯಾಸ್ ಫೈನಲಿಗೆ ಬಂತು. ಎದುರು ಕಡಬದ ಕಡೆಯ ತಂಡ. ಅದರಲ್ಲಿ ಮುಂದೆ ಆಡುವವನು ಮಿದ್ಲಾಜ್. ಆದಂ ಕುಂಞಿಯ ತಂಗಿ ರುಕಿಯಾಳ ಮಗ. ಇಪ್ಪತ್ತರ ಹುಡುಗ, ಓಡಿದರೆ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ಅನುಮಾನ ಬರಬೇಕು. ಗೋವಾದ ಒಂದು ತಂಡದವರು ಮಳೆಗಾಲ ಮುಗಿದ ಮೇಲೆ ಬಾ ಎಂದು ಅವನನ್ನು ಕರೆದಿದ್ದರು. ಸೋದರಮಾವನ ತಂಡಕ್ಕೆ ಆಡದೆ ತಂದೆಯ ಊರಿಗೆ ಆಡುತ್ತಾನೆ ಎಂದು ಆದಂ ಕುಂಞಿಗೆ ಹೊಟ್ಟೆಯುರಿ ಇದ್ದೇ ಇತ್ತು, ಹೆಮ್ಮೆಯೂ ಇತ್ತು.

ಫೈನಲಿನ ದಿನ ಬಾನ್ಯಾಸಿನ ಡಿಫೆನ್ಸಿನಲ್ಲಿ ಆಡಲು ಗಟ್ಟಿ ಜನ ಇರಲಿಲ್ಲ. ಸೆಮಿಫೈನಲಿನಲ್ಲಿ ಒಬ್ಬನ ಹುಬ್ಬು ಹರಿದಿತ್ತು, ಇಬ್ಬರು ರೆಫ್ರಿಯನ್ನು ತಳ್ಳಿ ಕೆಂಪು ಕಾರ್ಡು ತಿಂದಿದ್ದರು. ಆದಂ ಕುಂಞಿ ನೋಡಲು ಬಂದ ದೇರಣ್ಣನನ್ನು ಕರೆದ. ಫುಟ್ಬಾಲಿನ ತಲೆಬುಡ ನನಗೆ ಗೊತ್ತಿಲ್ಲ ಎಂದು ದೇರಣ್ಣ ಕೈ ಮುಗಿದ. ಅಂಗಿ ಹಾಕಿದವನು ಬರಬೇಕು ಎಂಬ ನಿಯಮವನ್ನು ಆದಂ ಕುಂಞಿ ನೆನಪಿಸಿದ, ಹೆಗಲ ಮೇಲೆ ಕೈ ಹಾಕಿ ಒಂದೇ ಮಾತು ಹೇಳಿದ.

"ನೀನು ಎಂತದೂ ಮಾಡುದು ಬೇಡ ಮಾರಾಯ. ಅವನನ್ನು ದಾಟಲಿಕ್ಕೆ ಬಿಡಬೇಡ, ಅಷ್ಟೇ."

ಕಬಡ್ಡಿಯ ಅಂಗಳದ ಬದಿಯಲ್ಲಿ ನಿಂತು ಇಷ್ಟು ವರ್ಷ ಅವನು ದೇರಣ್ಣನಿಗೆ ಕೂಗಿ ಹೇಳುತ್ತಿದ್ದ ಮಾತೂ ಅದೇ. ಹೇಳಿದವನಿಗೂ ಆಗ ಅದು ಹೊಳೆಯಲಿಲ್ಲ, ಕೇಳಿದವನಿಗೂ ಹೊಳೆಯಲಿಲ್ಲ.

ಪಂದ್ಯ ಮೊದಲಿನಿಂದಲೇ ಕೆಟ್ಟಿತ್ತು. ಚೆಂಡಿಗಿಂತ ಮೊಣಕಾಲಿಗೆ ಹೆಚ್ಚು ಒದೆ ಬೀಳುತ್ತಿತ್ತು. ಒಬ್ಬನ ಹಲ್ಲು ಮುರಿದು ಬಾಯಿಂದ ರಕ್ತ ಉಗುಳುತ್ತಲೇ ಆಡಿದ. ಎರಡೂ ಕಡೆ ಒಂದೊಂದು ಗೋಲಾಗಿತ್ತು, ಮುಗಿಯಲಿಕ್ಕೆ ಇನ್ನೇನು ಸ್ವಲ್ಪ ಹೊತ್ತು. ಆಗ ಮಿದ್ಲಾಜನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದ. ದೇರಣ್ಣ ಅಡ್ಡ ನಿಂತ. ಹುಡುಗ ಸೊಂಟ ಬಳುಕಿಸಿ ಅವನ ಎಡಕ್ಕೆ ನುಗ್ಗಿ, ಬೆನ್ನು ತಿರುಗಿಸಿ ಮುಂದೆ ಹಾರಿದ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಎಡಮೂಲೆ, ತಿರುಗಿದ ಬೆನ್ನು, ಹಿಂದೆ ಉಳಿದ ಕಾಲು. ದೇರಣ್ಣ ಯೋಚಿಸಲೇ ಇಲ್ಲ. ಹಾರಿ ಎರಡೂ ಕೈಯಲ್ಲಿ ಕಾಲಿನ ಗಂಟು ಹಿಡಿದು ಮೈ ತಿರುಗಿಸಿದ. ಹುಡುಗ ಓಡುತ್ತಿದ್ದ ರಭಸ ಒಂದು ಕಡೆ, ಈ ತಿರುವು ಇನ್ನೊಂದು ಕಡೆ. ಒಣಗಿದ ಬಿದಿರು ಸೀಳಿದ ಹಾಗೆ ಸದ್ದಾಯಿತು. ಮೈಕಿನಲ್ಲಿ ಕಾಮೆಂಟ್ರಿ ಹೇಳುತ್ತಿದ್ದವನ ಬಾಯಿ ಕಟ್ಟಿತು. ಅದೇ ಹೊತ್ತಿಗೆ ದೇರಣ್ಣ ಮಲಗಿದಲ್ಲಿಂದಲೇ ಒಂದು ಕೈ ಮೇಲೆತ್ತಿ, ರೆಫ್ರಿಯ ಕಡೆ ನೋಡಿ ನಕ್ಕ.

ಜನ ಕಂಡದ್ದು ಅದನ್ನೇ. ಒಬ್ಬ ಮನುಷ್ಯ ಹುಡುಗನ ಕಾಲು ಮುರಿದು, ಕೈ ಎತ್ತಿ ನಗುತ್ತಿದ್ದಾನೆ.

ನಗು ಅವನ ಮುಖದಿಂದ ಇಳಿಯುವ ಮೊದಲೇ ಮೊದಲ ಏಟು ಬಿತ್ತು. ಹೊಡೆದವನು ಕಡಬದವನಲ್ಲ, ಆದಂ ಕುಂಞಿ. ಮೂಲೆಯ ಬಾವುಟದ ಬಿದಿರನ್ನು ಕಿತ್ತು ತಂದವನು ಗುರಿಯನ್ನೇ ನೋಡದೆ ಬೀಸಿದ. ಅದು ದೇರಣ್ಣನ ಎಡಗಿವಿಯ ಮೇಲೆ ಬಿದ್ದು, ಕಿವಿ ಹರಿದು ಕೆನ್ನೆಯ ಮೇಲೆ ಜೋತುಬಿತ್ತು. ಎರಡನೆಯ ಏಟಿಗೆ ಬಿದಿರು ಮುರಿಯಿತು. ಅಷ್ಟರಲ್ಲಿ ಕಡಬದವರು ಹಗ್ಗ ಹಾರಿ ಒಳಗೆ ಬಂದಿದ್ದರು. ಒದೆ ಎಲ್ಲಿಂದ ಬರುತ್ತದೆ ಎಂದು ದೇರಣ್ಣನಿಗೆ ಗೊತ್ತಾಗಲಿಲ್ಲ. ಹೊಟ್ಟೆಗೆ, ಬೆನ್ನಿಗೆ, ಬಾಯಿಗೆ. ಶ್ಯಾಮ ಎಂಬ ಕಬಡ್ಡಿಯ ಹುಡುಗ ತನ್ನ ಜೊತೆಯವರನ್ನು ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿ ಬೀಸುತ್ತ ನುಗ್ಗಿದ. ಸೋಡಾ ಅಂಗಡಿಯ ಕ್ರೇಟು ಖಾಲಿಯಾಯಿತು. ಬಾಟಲಿ ಬಡಿದು ಒಬ್ಬನ ನೆತ್ತಿ ಒಡೆಯಿತು, ಗೋಲಿನ ಕಬ್ಬಿಣದ ಕೊಳವೆ ಬಿಚ್ಚಿ ಇನ್ನೊಬ್ಬನ ಮೊಣಕೈ ಪುಡಿ ಮಾಡಿದರು. ಒಂದೇ ಹಳದಿ ಕಪ್ಪು ಅಂಗಿಯವರು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು. ಬಿದ್ದಿದ್ದ ದೇರಣ್ಣನಿಗೆ ಅಷ್ಟು ಕಾಲುಗಳ ಸಂದಿಯಲ್ಲಿ ಕಂಡದ್ದು ಒಂದೇ. ಮಿದ್ಲಾಜನ ಪಾದ, ತಿರುಗಬಾರದ ಕಡೆಗೆ ತಿರುಗಿ ಮಲಗಿತ್ತು. ಪೊಲೀಸರ ಲಾಠಿ ಬೀಳುವವರೆಗೂ ಅವನು ಅದನ್ನೇ ನೋಡುತ್ತಿದ್ದ.

ಮರುದಿನ ಕಿವಿಗೆ ಹೊಲಿಗೆ ಹಾಕಿಸಿಕೊಂಡು, ಸೇವಂತಿ ಬೇಡವೆಂದರೂ ಕೇಳದೆ, ಅವನು ಪುತ್ತೂರಿನ ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲೇ ರುಕಿಯಾ ನಿಂತಿದ್ದಳು. ಹಬ್ಬಕ್ಕೆ ಅಣ್ಣನ ಮನೆಗೆ ಬಂದಾಗಲೆಲ್ಲ ಪತ್ತಿರಿ ರೊಟ್ಟಿಯನ್ನು ಇದೇ ದೇರಣ್ಣನ ಕೈಗೆ ಕೊಟ್ಟವಳು. ಒಳಗಿನಿಂದ ಹುಡುಗನ ನರಳಾಟ ಕೇಳುತ್ತಿತ್ತು. ಅವಳು ಕೂಗಲಿಲ್ಲ. ಅವನ ಕೈಗಳನ್ನೇ ನೋಡಿಕೊಂಡು ಹೇಳಿದಳು.

"ಆ ಕೈ ಪುಡಿಯಾಗ್ಲಿ ದೇರಣ್ಣ. ಮೇಲಿನವನು ನೋಡಿಕೊಳ್ಳಲಿ."

ಅವನು ಬಂದ ದಾರಿಯಲ್ಲೇ ತಿರುಗಿದ. ಬಸ್ಸಿನಲ್ಲಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿಯುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಬಿಳಿ ಅಂಗಿಯ ಪುಢಾರಿಗಳು ಕಾರಿನಲ್ಲಿ ಬಂದು ದೇರಣ್ಣನ ಹರಿದ ಕಿವಿಯ ಫೋಟೋ ತೆಗೆಯಬೇಕು ಎಂದರು. ಅವರಂಥವರೇ ಇನ್ನೊಂದು ಬಣ್ಣದ ಬಾವುಟದವರು ರುಕಿಯಾಳ ಮನೆಗೂ ಹೋದರು. ಆ ಕಡೆ ಏನಾಯಿತೋ ಗೊತ್ತಿಲ್ಲ, ಈ ಕಡೆ ಸೇವಂತಿ ಅಂಗಳದಲ್ಲಿ ಸೆಗಣಿ ನೀರಿನ ಬಕೆಟು ಹಿಡಿದು ನಿಂತಳು. ಕಾರು ಹಿಂದಕ್ಕೆ ಹೋಯಿತು. ಆದರೆ ಹುಡುಗರ ರಕ್ತವನ್ನು ಬಕೆಟಿನಲ್ಲಿ ತಣಿಸಲಿಕ್ಕಾಗುತ್ತದೆಯೇ? ಅರಂತೋಡಿನ ಬಸ್ ಸ್ಟಾಪಿನಲ್ಲಿ ಫುಟ್ಬಾಲಿನ ಹುಡುಗರು ಶ್ಯಾಮನನ್ನು ಕೆಡವಿ ಅವನ ಪಕ್ಕೆಲುಬು ಮುರಿದರು. ಅದಕ್ಕೆ ಉತ್ತರವಾಗಿ ಶ್ಯಾಮನ ಕಡೆಯವರು ಫುಟ್ಬಾಲಿನ ಇಬ್ಬರನ್ನು ಅಟ್ಟಿಸಿಕೊಂಡು ಹೋಗಿ ಹೊಳೆಯಲ್ಲಿ ಮುಳುಗಿಸಿ ಮುಳುಗಿಸಿ ಎತ್ತಿದರು. ದೇರಣ್ಣನ ಬೈಕು ಸುಟ್ಟುಹೋಯಿತು. ಫುಟ್ಬಾಲ್ ತಂಡಕ್ಕೆ ಎಲ್ಲ ಪಂದ್ಯಾಟಗಳಲ್ಲಿಯೂ ಬಹಿಷ್ಕಾರ ಬಿತ್ತು. ಆದಂ ಕುಂಞಿ ಮಾಳಿಗೆಗೆ ಬೀಗ ಹಾಕಿದ. ಅಂಗಿಗಳನ್ನು ಕೆಲವರು ಸುಟ್ಟರು, ಕೆಲವರು ಅಂಗಡಿಯ ಬಾಗಿಲಿಗೆ ಎಸೆದು ಹೋದರು. ದೇರಣ್ಣ ತನ್ನದನ್ನು ಒಗೆದು, ಮಡಚಿ, ಅಕ್ಕಿಯ ಡಬ್ಬಿಯ ಹಿಂದೆ ಇಟ್ಟ. ಅದರ ಮೇಲಿದ್ದ ರಕ್ತ ಪೂರ್ತಿ ಹೋಗಿರಲಿಲ್ಲ.

ಮಳೆಗಾಲ ಮುಗಿದು ಕೋರೆಯಲ್ಲಿ ಕೆಲಸ ಶುರುವಾದಾಗ ಕಡಬದ ಮೂವರು ಅವನನ್ನು ಹುಡುಕಿಕೊಂಡು ಬಂದರು. ಮಧ್ಯಾಹ್ನದ ಊಟಕ್ಕೆ ಉಳಿದವರು ಮೇಲೆ ಹೋಗಿದ್ದರು, ಇವನೊಬ್ಬ ಗುಂಡಿಯಲ್ಲಿದ್ದ. ಇಬ್ಬರು ಕೊರಳು ಅದುಮಿ ಮೊಣಕಾಲೂರಿಸಿದರು. ಮೂರನೆಯವನು ದೇರಣ್ಣನ ಬಲಗೈಯನ್ನು ಎಳೆದು ಹೊಸದಾಗಿ ಕಡಿದ ಕಲ್ಲಿನ ಮೇಲೆ ಚಾಚಿ, ಅಲ್ಲೇ ಇದ್ದ ದೊಡ್ಡ ಸುತ್ತಿಗೆ ಎತ್ತಿದ. ದೇರಣ್ಣ ಕೊಸರಲಿಲ್ಲ. ಹೊಡೆದರೆ ಒಂದು ಲೆಕ್ಕ ಮುಗಿಯುತ್ತದಲ್ಲ ಎಂದು ಅವನಿಗೆ ಅನಿಸಿತ್ತು. ಸುತ್ತಿಗೆ ಅವನ ಬೆರಳಿನ ಪಕ್ಕಕ್ಕೇ ಬಿತ್ತು. ಕಲ್ಲು ಎರಡು ತುಂಡಾಯಿತು, ಚೂರು ಹಾರಿ ಮುಖಕ್ಕೆ ಚುಚ್ಚಿತು.

"ನಿನ್ನ ಕೈ ಮುಟ್ಟಬಾರದು ಅಂತ ಮಿದ್ಲಾಜ್ ಹೇಳಿದ್ದಾನೆ. ಅದು ಅವನಿಗೇ ಬೇಕಂತೆ."

ಅಷ್ಟು ಹೇಳಿ, ಹೋಗುವ ಮೊದಲು ಹೊಟ್ಟೆಗೆ ಒಂದು ಒದ್ದು ಹೋದರು. ಅಂದಿನಿಂದ ದೇರಣ್ಣನ ಕೈ ನಡುಗಲು ಶುರುವಾಯಿತು. ಚಹಾದ ಲೋಟ ಹಿಡಿದರೆ ಚೆಲ್ಲುತ್ತಿತ್ತು. ಕಬಡ್ಡಿಗೆ ಬಾ ಎಂದು ಬೇರೆ ತಂಡದವರು ಕರೆದರೆ ಕಿವಿ ಕೇಳುವುದಿಲ್ಲ ಎನ್ನುತ್ತಿದ್ದ. ಎಡಗಿವಿ ಅರ್ಧ ಕೇಳುತ್ತಿರಲಿಲ್ಲ, ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ: ಕಾಲು ಎಂದು ನೋಡಿದರೆ ಸಾಕು, ಅವನಿಗೆ ಆ ಬಿದಿರಿನ ಸದ್ದು ಕೇಳುತ್ತಿತ್ತು. ಊಟಕ್ಕೆ ಕೂತಲ್ಲಿ ಕೆಲವು ಸಲ ಸುಮ್ಮನೆ ಅಳುತ್ತಿದ್ದ. ಸೇವಂತಿ ಕಂಡೂ ಕಾಣದವಳ ಹಾಗೆ ಸಾರು ಬಡಿಸುತ್ತಿದ್ದಳು.

ಮರುವರ್ಷದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆದಂ ಕುಂಞಿ ಮರ್ಕಂಜಕ್ಕೆ ಬಂದ. ಗಲಾಟೆಯ ದಿನದ ನಂತರ ಇಬ್ಬರೂ ಮುಖ ನೋಡಿರಲಿಲ್ಲ. ಜಗಲಿಯಲ್ಲಿ ಕೂತ, ನೀರು ಕುಡಿದ. ಮಿದ್ಲಾಜನ ಕಾಲಿಗೆ ಉಕ್ಕಿನ ಪಟ್ಟಿ ಹಾಕಿದ್ದಾರೆ, ಎಲುಬು ಕೂಡಿದೆ, ಓಡುತ್ತಿದ್ದಾನೆ, ಗೋವಾದವರು ಮಾತ್ರ ಬೇರೊಬ್ಬನನ್ನು ತೆಗೆದುಕೊಂಡರು ಎಂದು ನೆಲ ನೋಡುತ್ತ ಹೇಳಿದ. ಕ್ಲಬ್ಬಿನ ನಿಯಮದಂತೆ ಅಂಗಳದಲ್ಲಿ ತೀರಿಸಿಕೊಳ್ಳಬೇಕು ಎಂದು ಹುಡುಗ ಪಟ್ಟು ಹಿಡಿದಿದ್ದಾನೆ, ಅದಕ್ಕಾಗಿಯೇ ಬಾನ್ಯಾಸಿನ ಅಂಗಿ ಕೇಳಿ ಹಾಕಿಕೊಂಡಿದ್ದಾನೆ; ಇವನೊಬ್ಬ, ಅವನೊಬ್ಬ. ಬರದಿದ್ದರೆ ಕಡಬದ ಹುಡುಗರನ್ನು ಇನ್ನು ತಡೆದು ನಿಲ್ಲಿಸಲಿಕ್ಕೆ ತನ್ನಿಂದ ಆಗುವುದಿಲ್ಲ ಎಂದೂ ಹೇಳಿದ.

ದೇರಣ್ಣ ಇಷ್ಟು ದಿನ ಹೊಟ್ಟೆಯಲ್ಲಿದ್ದದ್ದನ್ನು ಕೇಳಿದ.

"ಆದಮಾಕ, ಅವತ್ತು ನೀವು ಹೊಡೆದದ್ದು ಸಿಟ್ಟಿಗಾ? ಅಲ್ಲ ನೀವೇ ಮೊದಲು ಹೊಡೆದರೆ ಅವರು ನನ್ನನ್ನು ಬಿಟ್ಟಾರು ಅಂತವಾ?"

ಊರಿನಲ್ಲಿ ಅರ್ಧ ಜನ ಅದನ್ನು ಎರಡನೆಯ ರೀತಿಯಲ್ಲೇ ಹೇಳುತ್ತಿದ್ದರು. ಹೂಂ ಎಂದಿದ್ದರೆ ಆಗಿತ್ತು. ಆದಂ ಕುಂಞಿ ಹಾಗೆ ಹೇಳಲಿಲ್ಲ.

"ಸಿಟ್ಟಿಗೇ ಮಾರಾಯ. ಕೊಲ್ಲಲಿಕ್ಕೇ ಬೀಸಿದ್ದು. ದಾಟಲಿಕ್ಕೆ ಬಿಡಬೇಡ ಅಂತ ಹೇಳಿದವ ನಾನೇ ಅಂತ ಮನೆಗೆ ಹೋದ ಮೇಲೆ ನೆನಪಾಯ್ತು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂಬ ಗಾದೆ ಕಿವಿಗೂ ಸಲ್ಲುತ್ತದೆ. ಆದರೂ ಆ ಉತ್ತರ ಕೇಳಿ ದೇರಣ್ಣನಿಗೆ ಎದೆ ಹಗುರಾಯಿತು. ಒಳಗಿನಿಂದ ಸೇವಂತಿ ಹೊರಗೆ ಬಂದು, ಹೋದರೆ ಕೈ ಹೋಗುತ್ತದೆ, ಹೋಗದಿದ್ದರೆ ಈ ಮನುಷ್ಯನೇ ಹೋಗುತ್ತಾನೆ, ಕೈಯಾದರೆ ಎರಡುಂಟು ಎಂದು ಲೆಕ್ಕ ಹೇಳಿ, ಅಕ್ಕಿಯ ಡಬ್ಬಿಯ ಹಿಂದಿನಿಂದ ಅಂಗಿ ತಂದುಕೊಟ್ಟಳು.

ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಮ್ಯಾಟು ಹಾಸಿದ್ದರು. ಒಂದು ಬದಿಯಲ್ಲಿ ಕಡಬದವರು, ಇನ್ನೊಂದು ಬದಿಯಲ್ಲಿ ಶ್ಯಾಮನ ಕಡೆಯವರು, ಅವರ ಮುಂದೆ ಹೆಗಲಿಗೆ ಬೈರಾಸು ಟವಲು ಹಾಕಿಕೊಂಡ ಸೇವಂತಿ. ಯಾರ ಸೊಂಟದಲ್ಲಿ ಏನಿತ್ತೋ ದೇವರೇ ಬಲ್ಲ. ರಸ್ತೆಯ ಬದಿಯಲ್ಲಿ ನಿಂತ ಆಟೋದ ಒಳಗೆ ರುಕಿಯಾ ಕೂತಿದ್ದಳು, ಇಳಿದಿರಲಿಲ್ಲ. ಆದಂ ಕುಂಞಿ ಲಾಯೋಷ್ ಕೊಟ್ಟ ಹಳೆಯ ಅಂಗಿಯನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿ, ನಡುವೆ ಅಂಪಾಯರನಾಗಿ ನಿಂತ. ಮಿದ್ಲಾಜ್ ದಾಳಿ ಮಾಡಬೇಕು, ದೇರಣ್ಣ ಹಿಡಿಯಬೇಕು. ಹುಡುಗನ ಮೊಣಕಾಲಿನ ಕೆಳಗೆ ಹೊಲಿಗೆಯ ಗುರುತು ಉದ್ದಕ್ಕೆ ಇಳಿದಿತ್ತು.

ಮೊದಲನೆಯ ದಾಳಿಗೆ ಮಿದ್ಲಾಜ್ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದು ಎಡಮೂಲೆಗೆ ಹೋದ. ದೇರಣ್ಣ ಬಗ್ಗಿ ನಿಂತಿದ್ದ, ಕೈ ಥರಥರ ನಡುಗುತ್ತಿತ್ತು. ಹುಡುಗ ಮುಟ್ಟಿದ, ತಿರುಗಿದ, ಕಾಲು ಹಿಂದೆ ಉಳಿಯಿತು. ದೇರಣ್ಣ ಹಿಡಿಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ.

ಮಿದ್ಲಾಜ್ ಗೆರೆ ದಾಟಿದವನು ಮರಳಿ ಬಂದ. ಎಲ್ಲರ ಎದುರು, ಅಪ್ಪನ ವಯಸ್ಸಿನವನ ಕೆನ್ನೆಗೆ ಛಟೀರೆಂದು ಹೊಡೆದ. ಶ್ಯಾಮ ಎದ್ದು ನಿಂತ. ಕಡಬದ ಕಡೆಯೂ ಎದ್ದಿತು. ಹುಡುಗ ಅವರನ್ನು ನೋಡಲೇ ಇಲ್ಲ. ಅವನ ಕಣ್ಣು ಕೆಂಪಾಗಿತ್ತು.

"ಎಲ್ಲರೂ ಹೀಗೇ ಮಾಡುದು. ಆಡಲಿಕ್ಕೆ ಹೋದರೆ ದಾರಿ ಬಿಟ್ಟು ನಿಲ್ತಾರೆ. ಎದುರಿನವರೂ ಒದೆಯುದಿಲ್ಲ. ಹಿಡೀರಿ ದೇರಣ್ಣ. ನೀವು ಹಿಡೀಲೇಬೇಕು. ಮುರಿದರೆ ಮುರೀಲಿ."

ಆಗ ದೇರಣ್ಣನಿಗೆ, ಕೋರೆಯಲ್ಲಿ ಸುತ್ತಿಗೆ ಏಕೆ ಪಕ್ಕಕ್ಕೆ ಬಿತ್ತು ಎಂದು ಅರ್ಥವಾಯಿತು. ಹುಡುಗ ಆ ಕೈಯನ್ನು ಕಾಪಾಡಿಟ್ಟದ್ದು ಪುಡಿ ಮಾಡಲಿಕ್ಕಲ್ಲ. ತನ್ನ ಕಾಲು ಕಾಲು ಹೌದೋ ಅಲ್ಲವೋ ಎಂದು ಹೇಳಬಲ್ಲ ಕೈ ಈ ತಾಲೂಕಿನಲ್ಲಿ ಅದೊಂದೇ ಎಂದು. ಇದು ಕರುಣೆಗಿಂತ ಕಷ್ಟದ ಕೆಲಸ. ಹಿಡಿದು ಮತ್ತೆ ಮುರಿದರೆ ಇಲ್ಲಿಂದ ಹೆಣ ಏಳುತ್ತದೆ. ಹಿಡಿಯದಿದ್ದರೆ ಹುಡುಗ ಬದುಕಿಡೀ ಕುಂಟ.

ಎರಡನೆಯ ದಾಳಿ. ಮಿದ್ಲಾಜ್ ನೇರ ಮೂಲೆಗೆ ಬಂದು, ಆ ಹೊಲಿಗೆಯ ಕಾಲನ್ನೇ ಮುಂದೆ ಚಾಚಿ ದೇರಣ್ಣನ ಎದೆಗೆ ತಾಗಿಸಿ ತಿರುಗಿದ.

ದೇರಣ್ಣ ಹಾರಿದ. ಎರಡೂ ಕೈ ಗಂಟಿಗೆ ಬಿತ್ತು. ಚರ್ಮದ ಕೆಳಗೆ ಉಕ್ಕಿನ ಪಟ್ಟಿಯ ತುದಿ ಬೆರಳಿಗೆ ಸಿಕ್ಕಿತು. ಬಿಡಲಿಲ್ಲ. ಮೈ ತಿರುಗಿಸಿದ, ಪೂರ್ತಿ ಬಲದಲ್ಲೇ ತಿರುಗಿಸಿದ. ಹುಡುಗ ದೊಪ್ಪನೆ ಬಿದ್ದ. ಜನ ಆ ಸದ್ದಿಗಾಗಿ ಕಾದರು. ಸದ್ದು ಬರಲಿಲ್ಲ. ಬಂದದ್ದು ಮಿದ್ಲಾಜನ ಬಾಯಿಂದ, ಕಬಡ್ಡಿ ಕಬಡ್ಡಿ ಕಬಡ್ಡಿ. ಉಸಿರು ಕಡಿದಿರಲಿಲ್ಲ.

ಅವನು ಹೊಟ್ಟೆಯ ಮೇಲೆ ತೆವಳಿದ. ದೇರಣ್ಣ ಕಾಲಿಗೆ ಜೋತುಬಿದ್ದ. ಹುಡುಗ ಇನ್ನೊಂದು ಕಾಲಿನ ಹಿಮ್ಮಡಿಯಿಂದ ಒದೆಯತೊಡಗಿದ. ಮೊದಲನೆಯದು ಮೂಗಿಗೆ ಬಿದ್ದು ರಕ್ತ ಹಾರಿತು. ಎರಡನೆಯದಕ್ಕೆ ಹರಿದ ಕಿವಿಯ ಹಳೆಯ ಹೊಲಿಗೆ ಬಾಯಿ ಬಿಟ್ಟಿತು. ಒದೆಯುವವನು ಒಂದೂವರೆ ವರ್ಷದ ಸಿಟ್ಟನ್ನೆಲ್ಲ ಒದೆಯುತ್ತಿದ್ದ, ಹಿಡಿದವನು ಒಂದೂವರೆ ವರ್ಷದ ಪಾಪವನ್ನೆಲ್ಲ ಹಿಡಿದಿದ್ದ. ಗೆರೆ ಇನ್ನೂ ಒಂದು ಮೊಳ ದೂರ. ಮಿದ್ಲಾಜ್ ಕಾಲೆತ್ತಿ, ತನ್ನ ಗಂಟನ್ನು ಸುತ್ತಿದ ಬೆರಳುಗಳ ಮೇಲೆ ಹಿಮ್ಮಡಿಯಿಂದ ಜಜ್ಜಿದ. ಈಗ ಸದ್ದು ಬಂತು, ಸಣ್ಣದು, ಎರಡು ಸಲ. ದೇರಣ್ಣನ ಬಲಗೈಯ ಎರಡು ಬೆರಳು ಹಿಂದಕ್ಕೆ ಮಡಚಿದವು. ಹಿಡಿತ ಸಡಿಲವಾಗಲಿಲ್ಲ, ಆದರೆ ರಕ್ತಕ್ಕೆ ಜಾರಿತು. ಹುಡುಗ ಕೈ ಚಾಚಿ ಬೆರಳ ತುದಿಯಿಂದ ನಡುಗೆರೆ ಮುಟ್ಟಿದ.

ಮಿದ್ಲಾಜ್ ಎದ್ದ. ಆ ಕಾಲನ್ನು ನೆಲಕ್ಕೆ ಊರಿ ನಿಂತ, ಇನ್ನೊಮ್ಮೆ ಊರಿದ. ನಿಂತಿತು.

ಕಬಡ್ಡಿಯಲ್ಲಿ ಔಟಾದವನು ತಾನಾಗಿ ಒಪ್ಪಿಕೊಂಡು, ಕೈ ಎತ್ತಿ ಹೊರಗೆ ಹೋಗಬೇಕು. ದೇರಣ್ಣ ಬಿದ್ದಲ್ಲಿಂದ ಎದ್ದು, ಬೆರಳು ಜೋತುಬಿದ್ದ ಅದೇ ಬಲಗೈಯನ್ನು ಮೇಲೆತ್ತಿದ. ಬಾಯಿ ತುಂಬ ರಕ್ತ; ನಗಲಿಲ್ಲ. ಹಾಗೆಯೇ ನಡೆದು ಗೆರೆಯ ಹೊರಗೆ ಹೋಗಿ ನಿಂತ. ಆಟೋದಿಂದ ರುಕಿಯಾ ಇಳಿದು ಬಂದಳು. ಎಲ್ಲರೂ ಮಗನ ಹತ್ತಿರ ಹೋಗುತ್ತಾಳೆ ಎಂದುಕೊಂಡರು. ಅವಳು ದೇರಣ್ಣನ ಎದುರು ನಿಂತು ಆ ಕೈಯನ್ನು ನೋಡಿದಳು.

"ನಾನು ಕೇಳಿದ್ದು ಇಡೀ ಕೈ. ಮೇಲಿನವನು ಎರಡೇ ಬೆರಳಿಗೆ ಬಿಟ್ಟ," ಎಂದಳು. ತಲೆಯ ಮೇಲಿನ ಶಾಲು ತೆಗೆಯಲಿಕ್ಕಾಗದೆ, ಸೇವಂತಿಯ ಹೆಗಲಿನ ಬೈರಾಸನ್ನು ಎಳೆದುಕೊಂಡು ಬೆರಳಿಗೆ ಸುತ್ತತೊಡಗಿದಳು. ಸೇವಂತಿ ಇನ್ನೊಂದು ತುದಿ ಹಿಡಿದು ಬಿಗಿದಳು.

ಬಾನ್ಯಾಸಿಗೆ ಈಗ ಫುಟ್ಬಾಲ್ ತಂಡ ಇಲ್ಲ, ಹಂಗೇರಿಯ ಆ ಊರಿನಲ್ಲಿ ಇಲ್ಲದ ಹಾಗೆಯೇ. ಮಾಳಿಗೆಯ ಬೀಗ ತೆಗೆದಿದ್ದಾರೆ. ಕಬಡ್ಡಿ ತಂಡದಲ್ಲಿ ಶ್ಯಾಮ ಒಂದು ಬದಿಗೆ ನಿಂತರೆ, ದಾಳಿಗೆ ಹೋಗುವವನು ಮಿದ್ಲಾಜ್. ದೇರಣ್ಣನ ಎರಡು ಬೆರಳು ಮಡಚುವುದಿಲ್ಲ, ಅವನು ಬಲಮೂಲೆಗೆ ಬಂದಿದ್ದಾನೆ, ಎಡಗೈಯನ್ನು ಪಳಗಿಸುತ್ತಿದ್ದಾನೆ. ಆದರೆ ಇದೆಲ್ಲ ಆಮೇಲಿನ ಮಾತು. ಆ ಭಾನುವಾರ ಬೈರಾಸು ಸುತ್ತಿ ಮುಗಿದಿರಲಿಲ್ಲ, ಹೆಂಗಸರಿಬ್ಬರು ಆಸ್ಪತ್ರೆಗೆ ಯಾವ ಆಟೋ ಎಂದು ಮಾತಾಡುತ್ತಿದ್ದರು. ಮ್ಯಾಟಿನ ನಡುವೆ ಮಿದ್ಲಾಜ್ ಏದುಸಿರು ಬಿಡುತ್ತ, ಆ ಕಾಲಿನ ಮೇಲೆ ಭಾರ ಹಾಕಿ ನಿಂತೇ ಇದ್ದ.

"ಒಳಗೆ ಬನ್ನಿ ದೇರಣ್ಣ," ಎಂದ. "ಇನ್ನೊಂದು ಕೈ ಉಂಟಲ್ಲ."

ದೇರಣ್ಣ ಬೈರಾಸ್ ಸುತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಳಗೆ ಹೋಗಿ ಬಗ್ಗಿ ನಿಂತ. ಮುಂದೆ ಚಾಚಿದ ಎಡಗೈ ನಡುಗುತ್ತಿರಲಿಲ್ಲ.